ಭರತ ಎಷ್ಟು ಹೊತ್ತಿಗೆ? ಅಳಿವೆ ಸೀಮೆಯ ಮೂರು ಟೆಂಟ್ ತಂಗುದಾಣಗಳು

ಕಳೆದ ಹಂಗಾಮಿನಲ್ಲಿ, ಅಂದರೆ ಡಿಸೆಂಬರಿನಿಂದ ಫೆಬ್ರವರಿಯವರೆಗೆ, ನಾವು ಉಡುಪಿ ಮತ್ತು ಮಂಗಳೂರಿನ ಅಳಿವೆ ಪ್ರದೇಶದ ಮೂರು ಕಡೆಗಳಲ್ಲಿ ಟೆಂಟ್ ವಾಸ ಮಾಡಿ ಬಂದೆವು. ಮೊದಲನೆಯದು ಕೋಡಿಬೆಂಗ್ರೆಯ ಹೊಯಿಗೆ (ಮರಳು) ದಂಡೆ, ಎರಡನೆಯದು ಸಾಲಿಗ್ರಾಮದ ಪಾರಂಪಳ್ಳಿ ಕಡೆಯ ಸೀತಾನದಿಯ ಹಿನ್ನೀರು, ಮೂರನೆಯದು ಮೂಲ್ಕಿ ಸಮೀಪದ ಸಸಿಹಿತ್ಲು. ಮೂರನ್ನೂ ನಡೆಸುವವರು ಖಾಸಗಿಯವರು, ಮೂರೂ ಹತ್ತಕ್ಕಿಂತ ಕಡಿಮೆ ಟೆಂಟ್‌ಗಳ ಚಿಕ್ಕ ವ್ಯವಸ್ಥೆಗಳು. ಯಾರ ಹೆಸರನ್ನೂ ನಾನು ಇಲ್ಲಿ ಬರೆಯುತ್ತಿಲ್ಲ. ಮಳೆಗಾಲಕ್ಕೆ ಟೆಂಟ್ ಮಡಚಿ ಅಟ್ಟಕ್ಕೇರಿಸುವ ಈ ವ್ಯವಹಾರದಲ್ಲಿ ಬೋರ್ಡು, ಫೋನ್ ನಂಬರು ಮತ್ತು ದರ ಮುಂದಿನ ವರ್ಷಕ್ಕೂ ಹಾಗೆಯೇ ಇರುತ್ತವೆ ಎಂಬ ಭರವಸೆ ಇಲ್ಲ. ಆದರೆ ಜಾಗವೂ ನೀರೂ ಅಲ್ಲೇ ಇರುತ್ತವೆ, ಆದ್ದರಿಂದ ಅವುಗಳ ಬಗ್ಗೆ ಬರೆದರೆ ಹೋಗುವವರಿಗೆ ಹೆಚ್ಚು ಪ್ರಯೋಜನವಾದೀತು.

ಹೋದವರು ನಾನು, ಹೆಂಡತಿ, ಹನ್ನೆರಡು ಮತ್ತು ಎಂಟು ವರ್ಷದ ಇಬ್ಬರು ಮಕ್ಕಳು ಮತ್ತು ಮಂಗಳೂರಿನಲ್ಲಿರುವ ಭಾವ. ಎರಡನೆಯ ಸಲ ಮಾತ್ರ ಅರುವತ್ತೈದು ದಾಟಿದ ಅತ್ತೆಯವರೂ ಬಂದಿದ್ದರು. ಮನೆಯಿಂದ ಒಂದು ಗಂಟೆಯೊಳಗೆ ತಲುಪುವ ಜಾಗದಲ್ಲಿ ದುಡ್ಡು ಕೊಟ್ಟು ನೆಲದ ಮೇಲೆ ಮಲಗುವುದು ಎಂಥ ಸುಖ ಎಂದು ಅವರು ಹೊರಡುವವರೆಗೂ ಕೇಳುತ್ತಿದ್ದರು. ಪ್ರಶ್ನೆ ನ್ಯಾಯವಾದದ್ದೇ.

ಜಾಗದ ಸ್ವರೂಪವನ್ನು ಮೊದಲು ಹೇಳಬೇಕು, ಏಕೆಂದರೆ ಟೆಂಟ್ ಹಾಕುವ ಪ್ರಶ್ನೆ ಅದರಿಂದಲೇ ಹುಟ್ಟುತ್ತದೆ. ಘಟ್ಟದಿಂದ ಇಳಿದು ಬರುವ ನಮ್ಮ ಹೊಳೆಗಳಲ್ಲಿ ಹಲವು ಕಡಲಿಗೆ ನೇರವಾಗಿ ಸೇರುವುದಿಲ್ಲ. ಅಲೆಗಳು ಕಟ್ಟಿದ ಮರಳಿನ ದಂಡೆ ಅಡ್ಡ ಬರುವುದರಿಂದ ಅವು ಕಡಲಿಗೆ ಸಮಾನಾಂತರವಾಗಿ ಒಂದಷ್ಟು ದೂರ ಹರಿದು ಎಲ್ಲೋ ಒಂದು ಕಡೆ ಬಾಗಿಲು ಹುಡುಕಿಕೊಳ್ಳುತ್ತವೆ. ಆ ಮರಳಿನ ನಾಲಿಗೆಯೇ ಬೆಂಗ್ರೆ. ಹೊಳೆಯ ಮಧ್ಯೆ ಉಳಿದ ನೆಲ ಕುದ್ರು, ಹೊಳೆ ಕಡಲನ್ನು ಸೇರುವ ಬಾಯಿ ಅಳಿವೆ. ಸೀತಾ ಮತ್ತು ಸುವರ್ಣಾ ನದಿಗಳು ಕೋಡಿಬೆಂಗ್ರೆಯ ತುದಿಯಲ್ಲಿ ಒಂದೇ ಅಳಿವೆಯಿಂದ ಕಡಲಿಗೆ ಇಳಿದರೆ, ನಂದಿನಿ ಮತ್ತು ಶಾಂಭವಿ ಸಸಿಹಿತ್ಲಿನ ಬಳಿ ಹಾಗೆಯೇ ಕೂಡುತ್ತವೆ. ಇಲ್ಲೆಲ್ಲ ನೆಲ ಮತ್ತು ನೀರಿನ ನಡುವಿನ ಗೆರೆ ದಿನಕ್ಕೆ ನಾಲ್ಕು ಬಾರಿ ಜರುಗುತ್ತದೆ. ಟೆಂಟ್ ಬಾಡಿಗೆಗೆ ಕೊಡುವವನಿಗೆ ಈ ಗೆರೆಯ ಪರಿಚಯ ಇದೆಯೋ ಇಲ್ಲವೋ ಎಂಬುದರ ಮೇಲೆಯೇ ನಮ್ಮ ನಿದ್ರೆ ನಿಂತಿದೆ ಎಂಬುದು ನಮಗೆ ಮೊದಲ ರಾತ್ರಿಯೇ ತಿಳಿಯಿತು.

ಕೋಡಿಬೆಂಗ್ರೆಗೆ ನಾವು ಹೋದದ್ದು ಡಿಸೆಂಬರಿನ ಅಮಾವಾಸ್ಯೆಯಂದು. ನಕ್ಷತ್ರ ನೋಡಬೇಕೆಂಬುದು ಮಗಳ ಹಟವಾಗಿತ್ತು, ಚಂದ್ರ ಇಲ್ಲದ ರಾತ್ರಿಯೇ ಬೇಕೆಂದು ದಿನ ಗೊತ್ತುಮಾಡಿದ್ದು ನಾನು. ಉಡುಪಿಯಿಂದ ಕೆಮ್ಮಣ್ಣು, ಹೂಡೆ ದಾಟಿ ಬೆಂಗ್ರೆಗೆ ಹೋಗುವ ಆ ದಾರಿಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಕೊನೆಯ ಕೆಲವು ಕಿಲೋಮೀಟರುಗಳಲ್ಲಿ ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ಒಂದು ರಸ್ತೆ, ಎರಡು ಸಾಲು ಮನೆ, ಒಣಗಲು ಹರವಿದ ಬಲೆ. ತಂಗುದಾಣದವರು ಎಂಟು ಟೆಂಟ್‌ಗಳನ್ನು ಹೊಳೆಯ ಕಡೆ ನೀರಿಗೆ ಆದಷ್ಟು ಹತ್ತಿರ ಒಂದೇ ಸಾಲಿನಲ್ಲಿ ಹಾಕಿದ್ದರು. ಫೋಟೋದಲ್ಲಿ ಅದು ಬಹಳ ಚೆನ್ನಾಗಿ ಕಾಣುತ್ತದೆ, ನಾವು ಮರುಳಾದದ್ದೂ ಆ ಫೋಟೋಕ್ಕೇ. ತಲೆಗೆ 1,200 ರೂಪಾಯಿ, ಅದರಲ್ಲಿ ರಾತ್ರಿಯ ಊಟ, ಬೆಳಗಿನ ತಿಂಡಿ ಮತ್ತು ಶಿಬಿರಾಗ್ನಿ ಸೇರಿತ್ತು.

ಸಂಜೆ ಮಕ್ಕಳೊಂದಿಗೆ ಟೆಂಟ್‌ಗಳ ಹಿಂದೆ ನಡೆದಾಡುವಾಗ ಹೊಯಿಗೆಯ ಮೇಲೆ ಒಂದು ಕಂದು ಗೆರೆ ಕಂಡಿತು. ಒಣಗಿದ ಪಾಚಿ, ಮರುವಾಯಿ ಚಿಪ್ಪು, ತೆಂಗಿನ ಸಿಪ್ಪೆ, ಒಂದು ಹವಾಯಿ ಚಪ್ಪಲಿ, ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಗಳು ಹಗ್ಗ ಹಾಸಿದ ಹಾಗೆ ಉದ್ದಕ್ಕೂ ಬಿದ್ದಿದ್ದವು. ಮಗ ಅದರಿಂದ ಚಿಪ್ಪು ಆರಿಸತೊಡಗಿದ. ನಾನೂ ಒಂದೆರಡು ಆರಿಸಿ ಕೊಟ್ಟೆ. ನೀರು ಹಿಂದಿನ ಸಲ ಎಲ್ಲಿಯವರೆಗೆ ಬಂದು ಹೋಗಿತ್ತೆಂದು ಬರೆದಿಟ್ಟ ಗುರುತು ಅದು, ನಮ್ಮ ಟೆಂಟ್‌ಗಳು ಅದಕ್ಕಿಂತ ನಾಲ್ಕು ಹೆಜ್ಜೆ ಕೆಳಗಿವೆ ಎಂಬುದು ಕರಾವಳಿಯಲ್ಲೇ ಹುಟ್ಟಿ ಬೆಳೆದ ನನಗೆ ಆಗ ಹೊಳೆಯಲಿಲ್ಲ. ಹೊಳೆದದ್ದು, ಪಕ್ಕದಲ್ಲಿ ದೋಣಿಯನ್ನು ಇಬ್ಬರು ಸೇರಿ ತೆಂಗಿನ ಬುಡದವರೆಗೆ ಎಳೆಯುತ್ತಿದ್ದ ಹಿರಿಯರೊಬ್ಬರು ನಮ್ಮ ಹಾಸಿಗೆ ಗಂಟುಗಳನ್ನು ನೋಡಿ, "ಇದು ಅಮಾಸೆ ನೀರು ಮಾರಾಯ್ರೆ, ರಾತ್ರಿ ಇಲ್ಲಿಗೆ ಬರ್ತದೆ, ಮಕ್ಕಳನ್ನು ಮೇಲೆ ಮಲಗಿಸಿ" ಎಂದಾಗ. ತಂಗುದಾಣದ ಹುಡುಗನನ್ನು ಕೇಳಿದರೆ, "ಇಲ್ಲ ಸರ್, ಇಲ್ಲಿವರೆಗೆ ಯಾವತ್ತೂ ಬರಲಿಲ್ಲ" ಎಂದ. ಅವನು ಕೆಲಸಕ್ಕೆ ಸೇರಿ ಹನ್ನೊಂದು ದಿನವಾಗಿತ್ತು ಎಂಬುದು ಆಮೇಲೆ ಮಾತಿನ ನಡುವೆ ತಿಳಿದು ಬಂತು.

ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಹೆಂಡತಿ ಎಬ್ಬಿಸಿದಳು. ಟೆಂಟ್‌ನ ಹೊರಗೆ ಬಿಟ್ಟ ಚಪ್ಪಲಿಗಳು ತೇಲುತ್ತಿದ್ದವು. ಅಪಾಯವೇನೂ ಇರಲಿಲ್ಲ, ಹೊಳೆಯ ಕಡೆಯ ನೀರಿನಲ್ಲಿ ಅಲೆ ಇರುವುದಿಲ್ಲ, ಹಾಲು ಉಕ್ಕಿದ ಹಾಗೆ ಸದ್ದಿಲ್ಲದೆ ಏರಿ ಪಾದ ಮುಚ್ಚುವಷ್ಟಾಗಿತ್ತು. ಆದರೆ ಹಾಸಿಗೆಗಳು ಆ ಹೊತ್ತಿಗಾಗಲೇ ಉಪ್ಪುನೀರು ಕುಡಿದಿದ್ದವು. ಎಂಟು ಟೆಂಟ್‌ಗಳ ಜನ ಮೊಬೈಲ್ ಬೆಳಕಿನಲ್ಲಿ ಗೂಟ ಕಿತ್ತು, ಟೆಂಟ್‌ಗಳನ್ನು ಕಲ್ಯಾಣ ಮಂಟಪದ ಚಪ್ಪರ ಎತ್ತಿದ ಹಾಗೆ ನಾಲ್ಕೂ ಮೂಲೆ ಹಿಡಿದು ಎತ್ತಿ ಮೇಲೆ ಸಾಗಿಸಿದೆವು. ನಕ್ಷತ್ರಗಳು ಮಾತ್ರ ಧಾರಾಳವಾಗಿದ್ದವು. ಬೆಳಿಗ್ಗೆ ಮಾಲೀಕರು ಫೋನಿನಲ್ಲಿ ಕ್ಷಮೆ ಕೇಳಿ ಅರ್ಧ ದುಡ್ಡು ಮರಳಿಸಿದರು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಎಂಟು ಟೆಂಟ್‌ಗಳಿಗೆ ಒಂದೇ ಶೌಚಾಲಯ ಇದ್ದದ್ದು ಮತ್ತು ಅದರ ಗುಂಡಿಯನ್ನು ಬರೀ ಹೊಯಿಗೆಯಲ್ಲಿ ತೋಡಿದ್ದು ನನ್ನ ಮಟ್ಟಿಗೆ ನೀರು ಬಂದದ್ದಕ್ಕಿಂತ ದೊಡ್ಡ ಕೊರತೆ.

ನಾನು ಮಾಡಿದ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಅಂದರೆ ನೀರಿನ ಉಬ್ಬರ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಸುಮಾರು ಆರು ಗಂಟೆಯ ಅಂತರ. ಪ್ರತಿದಿನ ಹೊತ್ತು ಸುಮಾರು ಐವತ್ತು ನಿಮಿಷ ಮುಂದಕ್ಕೆ ಸರಿಯುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಟ್ಟಾಗುವುದರಿಂದ ನೀರು ಅತಿ ಹೆಚ್ಚು ಏರಿ ಅತಿ ಕೆಳಗೆ ಇಳಿಯುತ್ತದೆ, ಅಷ್ಟಮಿಯ ಹೊತ್ತಿಗೆ ಏರಿಳಿತ ಮಂದವಾಗಿರುತ್ತದೆ. ಇನ್ನೊಂದು ಮಾತು: ಅಮಾವಾಸ್ಯೆ ಹುಣ್ಣಿಮೆಗಳ ಭರತ ಇಲ್ಲಿ ನಡುಹಗಲು ಮತ್ತು ನಡುರಾತ್ರಿಯ ಹತ್ತಿರವೇ ಬರುತ್ತದೆ. ಅಂದರೆ ನಕ್ಷತ್ರ ನೋಡಲು ಅತ್ಯುತ್ತಮವಾದ ರಾತ್ರಿಯೇ ಬೆಂಗ್ರೆಯಲ್ಲಿ ಮಲಗಲು ಅತ್ಯಂತ ಕೆಟ್ಟ ರಾತ್ರಿ. ಇದು ಮೀನುಗಾರರ ಮನೆಯ ಮಕ್ಕಳಿಗೆ ಗೊತ್ತು, ಪಂಚಾಂಗ ನೋಡಿ ಶ್ರಾದ್ಧದ ತಿಥಿ ಹೇಳಬಲ್ಲ ನನ್ನಂಥವರಿಗೆ ಗೊತ್ತಿರಲಿಲ್ಲ. ಉಬ್ಬರದ ವೇಳಾಪಟ್ಟಿ ಈಗ ಮೊಬೈಲಿನಲ್ಲೇ ಸಿಗುತ್ತದೆ. ಏರಿಳಿತದ ಒಟ್ಟು ಅಂತರ ಮೀಟರ್, ಒಂದೂವರೆ ಮೀಟರ್ ಎಂದು ಓದಿದರೆ ದೊಡ್ಡದೆನಿಸದು. ಆದರೆ ಸಪಾಟಾದ ಹೊಯಿಗೆಯ ಮೇಲೆ ಒಂದು ಗೇಣು ಎತ್ತರ ಎಂದರೆ ಹತ್ತು ಹೆಜ್ಜೆ ಅಗಲ.

ಈ ಕಥೆಯನ್ನು ಫ್ಲಾರಿಡಾದಲ್ಲಿರುವ ಅಕ್ಕನ ಮಗನಿಗೆ ಫೋನಿನಲ್ಲಿ ಹೇಳಿದಾಗ ಅವನು ನಕ್ಕು, "ಮಾವ, ಇಲ್ಲಿ ನೀರಿನ ಲೆಕ್ಕ ನೋಡದೆ ಹೋಗುವುದೇ ಇಲ್ಲ" ಎಂದ. ಅವನು ಎರಡು ಚಳಿಗಾಲ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಟೆಂಟ್ ಹಾಕಿದವನು. 1947ರಲ್ಲಿ ಲೋಕಾರ್ಪಣೆಯಾದ ಆ ಉದ್ಯಾನ ಅಮೆರಿಕದ ಅತಿ ದೊಡ್ಡ ಉಪೋಷ್ಣವಲಯದ ವನ್ಯಪ್ರದೇಶ, ನಮ್ಮ ಕಾಂಡ್ಲಾದ, ಅಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡಗಳ, ಹತ್ತಿರದ ಸಂಬಂಧಿಗಳೇ ಅಲ್ಲಿನ ಅಳಿವೆಗಳಲ್ಲೂ ಬೆಳೆಯುತ್ತವೆ. ಕಾರಿನಲ್ಲಿ ಹೋಗಿ ತಂಗಬಹುದಾದ ಎರಡು ಶಿಬಿರತಾಣಗಳಲ್ಲಿ ಲಾಂಗ್ ಪೈನ್ ಕೀ ಎಂಬುದು ಪೈನ್ ಕಾಡಿನ ತುಸು ಎತ್ತರದ ನೆಲದಲ್ಲಿದೆ, ಮಳೆಗಾಲದಲ್ಲಿ ಅದನ್ನು ಮುಚ್ಚುತ್ತಾರೆ. ಫ್ಲೆಮಿಂಗೋ ಎಂಬುದು ರಸ್ತೆಯ ಕಟ್ಟಕಡೆಯಲ್ಲಿ, ಪ್ರವೇಶದ್ವಾರದಿಂದ 38 ಮೈಲಿ ಆಚೆ, ಕೊಲ್ಲಿಯ ದಂಡೆಯಲ್ಲಿದೆ. ಗಾಳಿ ಇದ್ದರೆ ಸ್ವರ್ಗ, ಗಾಳಿ ನಿಂತರೆ ಸೊಳ್ಳೆಯ ರಾಜ್ಯ. ದೋಣಿಯಲ್ಲಿ ಒಳಗೆ ಹೋಗುವವರಿಗೆ ಕಾಲೂರಲು ನೆಲವೇ ಇಲ್ಲದ ಕಡೆ ನೀರಿನ ಮೇಲೆ ಕಂಬ ನೆಟ್ಟು ಹತ್ತಡಿ–ಹನ್ನೆರಡಡಿಯ ಮರದ ಅಟ್ಟಣೆ ಕಟ್ಟಿದ್ದಾರೆ, ಅದಕ್ಕೆ ಚಿಕೀ ಎನ್ನುತ್ತಾರೆ. ಗೂಟ ಹೊಡೆಯುವಂತಿಲ್ಲ, ತನ್ನಷ್ಟಕ್ಕೆ ನಿಲ್ಲುವ ಟೆಂಟೇ ಬೇಕು, ಬೆಂಕಿ ಹಾಕುವಂತಿಲ್ಲ. ಯಾವ ರಾತ್ರಿ ಯಾವ ತಾಣ ಎಂದು ಪರವಾನಗಿಯಲ್ಲೇ ಬರೆದಿರುತ್ತದೆ. ಕುಡಿಯುವ ನೀರು ತಲೆಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಹತ್ತಿರ ಹತ್ತಿರ ನಾಲ್ಕು ಲೀಟರು, ಹೊತ್ತುಕೊಂಡೇ ಹೋಗಬೇಕು. ಅದನ್ನೂ ರಕೂನ್ ಎಂಬ ಕಳ್ಳ ಪ್ರಾಣಿ ಹರಿಯದಂಥ ಗಟ್ಟಿ ಡಬ್ಬಿಯಲ್ಲಿಡಬೇಕು. ಅಲ್ಲಿ ಮೊಸಳೆ ಇದೆ, ಚಂಡಮಾರುತ ಇದೆ, ಅದಕ್ಕೇ ಇಷ್ಟು ಕಟ್ಟುಪಾಡು ಎಂದು ನಾವು ತಳ್ಳಿಹಾಕಬಹುದು. ಆದರೆ ಅವನು ಹೇಳಿದ್ದರಲ್ಲಿ ಹೆಚ್ಚಿನವು ಬೆಂಗ್ರೆಗೂ ಸಲ್ಲುವ ಮಾತುಗಳೇ. ಒಣ ಹಂಗಾಮೂ ಹೆಚ್ಚುಕಡಿಮೆ ಒಂದೇ: ಅವರಿಗೂ ನಮಗೂ ಡಿಸೆಂಬರಿನಿಂದ ತಂಪಿನ ದಿನಗಳು.

ಹೀಗೆ ಬುದ್ಧಿ ಕಲಿತ ಮೇಲೆ ಎರಡನೆಯ ತಂಗುದಾಣಕ್ಕೆ ನಾನು ಫೋನ್ ಮಾಡಿದಾಗ ದರ, ಊಟ, ಏನನ್ನೂ ಕೇಳುವ ಮೊದಲು, "ನಾವು ಬರುವ ಶನಿವಾರ ಭರತ ಎಷ್ಟು ಹೊತ್ತಿಗೆ?" ಎಂದು ಕೇಳಿದೆ. ಅದಕ್ಕೂ ಹಿಂದೆ ಬೇರೆ ಇಬ್ಬರಿಗೆ ಇದೇ ಪ್ರಶ್ನೆ ಹಾಕಿದ್ದೆ. ಒಬ್ಬರು "ಯಾವ ಭರತ ಸರ್?" ಎಂದು ಮರುಪ್ರಶ್ನೆ ಹಾಕಿದರು, ತಮ್ಮಲ್ಲಿ ಆ ಹೆಸರಿನವರು ಯಾರೂ ಕೆಲಸಕ್ಕಿಲ್ಲವಂತೆ. ಪಾರಂಪಳ್ಳಿಯ ಕಡೆಯಿಂದ ಫೋನ್ ಎತ್ತಿದ್ದು ಮನೆಯ ಯಜಮಾನಿ. ಕ್ಷಣವೂ ತಡೆಯದೆ, "ಅವತ್ತು ಅಷ್ಟಮಿ ಅಲ್ವಾ, ಸಂಜೆ ಐದೂವರೆಗೆ ನೀರು ತುಂಬ್ತದೆ. ನೀವು ಮೂರೂವರೆ ಒಳಗೆ ಬನ್ನಿ, ಚಾ ಕುಡಿದು ದೋಣಿಗೆ ಹೋಗ್ಬಹುದು. ತಡ ಮಾಡಿದ್ರೆ ಕತ್ತಲೆ ಆಗ್ತದೆ, ಬೆಳಿಗ್ಗೆ ಹತ್ತರ ನಂತರ ಕೆಸರೇ" ಎಂದರು. ನಾನು ಅಲ್ಲೇ ಜಾಗ ಕಾದಿರಿಸಿದೆ.

ಇದು ತಂಗುದಾಣ ಎನ್ನುವುದಕ್ಕಿಂತ ಒಂದು ಮನೆಯ ಹಿತ್ತಿಲು. ಹೊಳೆಯ ಅಂಚಿಗೆ ಕೆಂಪುಕಲ್ಲಿನ ದಂಡೆ ಕಟ್ಟಿ ಎತ್ತರಿಸಿದ ತೆಂಗಿನ ತೋಟ, ಅದರಲ್ಲಿ ನಾಲ್ಕೇ ಟೆಂಟ್. ಟೆಂಟ್ ಹಾಕುವ ಜಾಗಕ್ಕೆ ಎರಡು ಬುಟ್ಟಿ ಹೊಯಿಗೆ ಹಾಸಿ ತಟ್ಟಿದ್ದಾರೆ, ತಲೆಯ ಮೇಲಿನ ಮರಗಳ ಕಾಯಿ ಇಳಿಸಿದ್ದಾರೆ. ತೆಂಗಿನ ತೋಟದಲ್ಲಿ ಟೆಂಟ್ ಬಾಡಿಗೆಗೆ ಕೊಡುವ ಎಲ್ಲರೂ ಈ ಎರಡನೆಯ ಕೆಲಸವನ್ನು ಮಾಡಿರುವುದಿಲ್ಲ, ಮಲಗುವ ಮುನ್ನ ಒಮ್ಮೆ ಮೇಲೆ ನೋಡುವುದು ಒಳ್ಳೆಯದು. ಎರಡು ಶೌಚಾಲಯ, ಹಂಡೆಯಲ್ಲಿ ಬಿಸಿನೀರು, ಕೈಕಾಲು ತೊಳೆಯಲು ಬೇರೆ ನಲ್ಲಿ. ತಲೆಗೆ 1,800 ರೂಪಾಯಿ, ಮಕ್ಕಳಿಗೆ ಅರ್ಧ. ಕಯಾಕ್‌ಗೆ ಬೇರೆ ಕೊಡಬೇಕು.

ಹಿನ್ನೀರಿನ ಕಾಂಡ್ಲಾ ಕಾಡಿನೊಳಗೆ ಕಯಾಕ್‌ನಲ್ಲಿ ಹೋಗುವುದು ಸಾಲಿಗ್ರಾಮಕ್ಕೆ ಈಚಿನ ವರ್ಷಗಳಲ್ಲಿ ಬಂದ ಹೆಸರು. ಅದರ ಬಗ್ಗೆ ಜಾಹೀರಾತುಗಳು ಹೇಳುವುದರಲ್ಲಿ ಉತ್ಪ್ರೇಕ್ಷೆ ಕಡಿಮೆ. ನೀರು ತುಂಬಿದ ಹೊತ್ತಿನಲ್ಲಿ ಎರಡು ಕಡೆಯ ಕೊಂಬೆಗಳು ತಲೆಯ ಮೇಲೆ ಕೂಡುವಷ್ಟು ಕಿರಿದಾದ ತೋಡುಗಳೊಳಗೆ ದೋಣಿ ನುಗ್ಗುತ್ತದೆ. ಮನೆಯ ಮಗ ಒಂದು ಕಡೆ ಹುಟ್ಟು ನಿಲ್ಲಿಸಿ ಕೊಂಬೆ ಬಗ್ಗಿಸಿ ತೋರಿಸಿದ: ನುಗ್ಗೆಕಾಯಿಯಂತೆ ಹಸಿರಾಗಿ ಜೋತುಬಿದ್ದದ್ದು ಕಾಯಿಯಲ್ಲ, ಮರದಲ್ಲೇ ಮೊಳೆತ ಸಸಿ. ಕಾಂಡ್ಲಾದ ಬೀಜ ಕೆಸರಿಗೆ ಬಿದ್ದು ಮೊಳೆಯುವುದಾದರೆ ಮುಂದಿನ ಭರತ ಅದನ್ನು ಹೊತ್ತೊಯ್ಯುತ್ತದೆ, ಆದ್ದರಿಂದ ತಾಯಿಮರ ಅದನ್ನು ಗೇಣುದ್ದದ ಮೊಳಕೆಯಾಗುವವರೆಗೆ ಮೈಮೇಲೆಯೇ ಬೆಳೆಸಿ ಆಮೇಲೆ ಕೈಬಿಡುತ್ತದೆ. ಇಳಿತದಲ್ಲಿ ಬಿದ್ದರೆ ಭರ್ಜಿಯಂತೆ ಕೆಸರಿಗೆ ನಾಟಿಕೊಳ್ಳುತ್ತದೆ, ಭರತದಲ್ಲಿ ಬಿದ್ದರೆ ತೇಲಿಹೋಗಿ ಬೇರೆ ದಡ ಹಿಡಿಯುತ್ತದೆ. ದೋಣಿಯಲ್ಲಿದ್ದ ಅತ್ತೆಯವರು ಲೈಫ್ ಜಾಕೆಟಿನ ಪಟ್ಟಿಯನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದುಕೊಂಡೇ ಇದನ್ನು ಕೇಳಿಸಿಕೊಂಡು, "ಬಾಣಂತನ ಮುಗಿಸಿಯೇ ಕಳಿಸುವುದು" ಎಂದರು.

ಮರುದಿನ ಬೆಳಿಗ್ಗೆ ನೀರು ಇಳಿದಾಗ ಅದೇ ತೋಡುಗಳ ಬಾಯಿಯಲ್ಲಿ ಕೊಳೆತ ಮೊಟ್ಟೆಯ ವಾಸನೆ ಬಂತು. ಪಕ್ಕದ ಟೆಂಟಿನವರು ಚರಂಡಿ ನೀರು ಬಿಟ್ಟಿದ್ದಾರೆಂದು ಜಗಳಕ್ಕೇ ನಿಂತರು. ಅದು ಚರಂಡಿಯಲ್ಲ. ಕಾಂಡ್ಲಾದ ಕೆಸರಿನಲ್ಲಿ ಗಾಳಿ ಆಡುವುದಿಲ್ಲ, ಬಿದ್ದ ಎಲೆಗಳು ಆಮ್ಲಜನಕವಿಲ್ಲದೆ ಕೊಳೆಯುವಾಗ ಗಂಧಕದ ಅನಿಲ ಹುಟ್ಟುತ್ತದೆ. ಆರೋಗ್ಯವಾಗಿರುವ ಕಾಂಡ್ಲಾದ ವಾಸನೆಯೇ ಅದು. ಮರಗಳು ಬೇರನ್ನು ಕೆಸರಿನ ಮೇಲೆ ಎತ್ತಿ ಉಸಿರಾಡುವುದೂ ಇದೇ ಕಾರಣಕ್ಕೆ. ಆ ಬೇರುಗಳ ಸಂದಿಯಲ್ಲಿ ಸಿಗಡಿ ಮತ್ತು ಮೀನಿನ ಮರಿಗಳು ಬೆಳೆಯುತ್ತವೆ. ಮಧ್ಯಾಹ್ನ ತಟ್ಟೆಗೆ ಬಂದ ಕಾಣೆ ಮೀನು ಯಾವ ತೋಡಿನದೋ ಕೇಳಲಿಲ್ಲ, ತವಾ ಮೇಲಿನಿಂದ ನೇರವಾಗಿ ಬಂದಿತ್ತು. ರಾತ್ರಿ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಮತ್ತು ಒಣಮೀನಿನ ಚಟ್ನಿ, ಸಸ್ಯಾಹಾರಿಗಳಿಗೆ ಹುರುಳಿ ಪಲ್ಯ; ಬೆಳಿಗ್ಗೆ ನೀರುದೋಸೆ. ಕೋಳಿ ಕಬಾಬು, ಫ್ರೈಡ್ ರೈಸ್ ಬೇಕಾದವರು ಇಲ್ಲಿಗೆ ಹೋಗಬಾರದು.

ಕೊರತೆಗಳಿಲ್ಲದೆ ಇಲ್ಲ. ಟೆಂಟ್‌ಗಳು ಒಂದೇ ಪದರದವು. ನಮ್ಮ ಹವೆಯಲ್ಲಿ ಚಳಿಗಾಲದ ರಾತ್ರಿಯೂ ತೇವ ತುಂಬಿರುತ್ತದೆ, ಒಳಗೆ ಮಲಗಿದ ನಾಲ್ವರ ಉಸಿರು ಬಟ್ಟೆಗೆ ತಾಗಿ ಹನಿಗಟ್ಟಿ ಬೆಳಗಿನ ಜಾವ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಮಗ ಮಳೆ ಬಂತೆಂದೇ ಎದ್ದು ಕೂತ. ಮೇಲಿನ ಕಿಟಕಿ ತೆರೆದಿಟ್ಟು ಟೆಂಟಿಗೂ ಮೇಲೊದಿಕೆಗೂ ನಡುವೆ ಗಾಳಿ ಆಡುವಂತೆ ಎರಡು ಪದರ ಮಾಡಿದರೆ ಇದು ಬಹುಮಟ್ಟಿಗೆ ತಪ್ಪುತ್ತದೆ, ನಾನು ಹೇಳಿ ಬಂದಿದ್ದೇನೆ. ಪಕ್ಕದ ತೋಟದ ಪಂಪು ಐದು ಗಂಟೆಗೇ ಶುರುವಾಗುತ್ತದೆ. ಫೋನಿಗೆ ಸಿಗ್ನಲ್ ಸರಿಯಾಗಿ ಸಿಗದ ಕಾರಣ ದುಡ್ಡು ಕಳಿಸಲು ರಸ್ತೆಯವರೆಗೆ ನಡೆಯಬೇಕಾಯಿತು.

ಸಸಿಹಿತ್ಲಿನ ತಂಗುದಾಣದ ಬಗ್ಗೆ ಹೆಚ್ಚು ಬರೆಯಬೇಕಾದ್ದಿಲ್ಲ. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದ ಮೇಲೆ ಈ ಕಡಲ ತೀರದ ಹೆಸರು ದೂರದವರಿಗೂ ತಿಳಿಯಿತು, ಈಗ ಬರುವವರಲ್ಲಿ ಹೆಚ್ಚಿನವರು ಅಲೆಗಾಗಿ ಬರುವ ಯುವಕರು. ಗಾಳಿಮರಗಳ ತೋಪು, ಸೂಜಿ ಎಲೆಗಳು ಕೂತು ಗಟ್ಟಿಯಾದ ನೆಲ, ಗೂಟ ಭದ್ರವಾಗಿ ನಿಲ್ಲುತ್ತದೆ, ಕಡಲಗಾಳಿ ಬೇಕಾದಷ್ಟು. ಜಾಗಕ್ಕೆ ಪೂರ್ತಿ ಅಂಕ. ರಾತ್ರಿ ಒಂದು ಗಂಟೆಯವರೆಗೆ ಬಡಿದ ಸ್ಪೀಕರಿಗೆ ಸೊನ್ನೆ. ಭಾವ ಎರಡು ಸಲ ಹೋಗಿ ಹೇಳಿದರು, ಮೂರನೆಯ ಸಲ ಅವರೂ ಅಲ್ಲೇ ಕೂತು ಚಾ ಕುಡಿಯುತ್ತಿದ್ದರು. ಕಡಲ್ಕೊರೆತ ಇರುವ ತೀರವಾದ್ದರಿಂದ ಹೋದ ವರ್ಷದ ಫೋಟೋ ನೋಡಿ ಜಾಗ ಗೊತ್ತುಮಾಡಬಾರದು, ಈ ವರ್ಷ ಎಷ್ಟು ದಂಡೆ ಉಳಿದಿದೆ ಎಂದು ಕೇಳಬೇಕು.

ಇನ್ನು ಯೋಜನೆಯ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ವಿಚಾರವನ್ನೇ ಎತ್ತಬಾರದು. ಯಾಂತ್ರೀಕೃತ ದೋಣಿಗಳಿಗೇ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಡಲಿಗಿಳಿಯುವಂತಿಲ್ಲದ ಸೀಮೆ ಇದು. ಅಕ್ಟೋಬರಿನಲ್ಲಿ ಆಕಾಶ ತಿಳಿಯಾದಂತೆ ಕಂಡರೂ ಸಂಜೆ ಗುಡುಗು ಸಿಡಿಲಿನ ಮಳೆ ಬರುತ್ತದೆ, ತೆಂಗಿನ ತೋಪಿನಲ್ಲಿ ಅಥವಾ ಬಯಲು ಹೊಯಿಗೆಯಲ್ಲಿ ಸಿಡಿಲಿಗೆ ಸಿಕ್ಕಿಕೊಳ್ಳುವುದು ಯಾರಿಗೂ ಬೇಡ. ನವೆಂಬರಿನ ಕೊನೆಯಿಂದ ಫೆಬ್ರವರಿ ಮಧ್ಯದವರೆಗಿನ ದಿನಗಳು ಉತ್ತಮ. ಮಾರ್ಚ್ ನಂತರ ಸೆಕೆಯ ಜೊತೆಗೆ ಇನ್ನೊಂದು ಸಮಸ್ಯೆ ಬರುತ್ತದೆ: ಹೊಳೆಯಲ್ಲಿ ಸಿಹಿನೀರಿನ ಹರಿವು ಕುಗ್ಗಿ ಉಪ್ಪುನೀರು ಒಳಕ್ಕೆ ಏರುವುದರಿಂದ ದಂಡೆಯ ಬಾವಿಗಳು ಸವುಳಾಗುತ್ತವೆ. ಚಾ ಕುಡಿದರೆ ಗೊತ್ತಾಗುತ್ತದೆ. ನಾವು ಮೂರು ಸಲವೂ ತಲೆಗೆ ನಾಲ್ಕು ಲೀಟರಿನಂತೆ ಮನೆಯಿಂದಲೇ ಕ್ಯಾನಿನಲ್ಲಿ ನೀರು ಒಯ್ದೆವು, ಬೆಂಗ್ರೆಯಲ್ಲಿ ಅದು ಉಪಯೋಗಕ್ಕೆ ಬಂತು.

ಸೊಳ್ಳೆಯ ವಿಷಯದಲ್ಲಿ ಗಾಳಿಯ ದಿಕ್ಕು ತಿಳಿದಿರಬೇಕು. ಮಧ್ಯಾಹ್ನದಿಂದ ಸಂಜೆಯವರೆಗೆ ಕಡಲಿನಿಂದ ಬೀಸುವ ಗಾಳಿ ಸೊಳ್ಳೆಯನ್ನು ಕೂರಲು ಬಿಡುವುದಿಲ್ಲ, ಆಗ ಬಂದು ನೋಡಿದವರು ಇಲ್ಲಿ ಸೊಳ್ಳೆಯೇ ಇಲ್ಲ ಎಂದುಕೊಳ್ಳುತ್ತಾರೆ. ಕತ್ತಲಾದ ಮೇಲೆ ಆ ಗಾಳಿ ಬಿದ್ದು, ರಾತ್ರಿ ನೆಲದ ಕಡೆಯಿಂದ ಮಂದ ಗಾಳಿ ತಿರುಗುವ ನಡುವಿನ ಒಂದೆರಡು ಗಂಟೆ ಕಷ್ಟದ್ದು. ಊಟವನ್ನು ಆ ಹೊತ್ತಿಗೆ ಇಟ್ಟುಕೊಳ್ಳಬಾರದು. ಹೊಯಿಗೆಯಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಕಚ್ಚುವ ನೊಣಗಳೂ ಇರುತ್ತವೆ, ಅವು ಸಾಧಾರಣ ಸೊಳ್ಳೆಪರದೆಯ ಕಣ್ಣಿನಿಂದ ನುಸುಳುತ್ತವೆ. ಕಾಲು ಮುಚ್ಚುವ ಬಟ್ಟೆಯೇ ಅದಕ್ಕೆ ಮದ್ದು. ಕಾಲಿನಲ್ಲಿ ಗಾಯವಿದ್ದವರು ತೋಟದ ನಿಂತ ನೀರಿಗೆ, ಕೆಸರಿಗೆ ಬರಿಗಾಲಲ್ಲಿ ಇಳಿಯಬಾರದು. ಇಲಿಜ್ವರ ನಮ್ಮ ಎರಡೂ ಜಿಲ್ಲೆಗಳಿಗೆ ಹೊಸದಲ್ಲ. ಹೋಗಿ ಬಂದ ಮೇಲಿನ ವಾರಗಳಲ್ಲಿ ಜ್ವರ ಬಂದರೆ ವೈದ್ಯರಿಗೆ ಹೊಳೆಯ ದಂಡೆಯಲ್ಲಿ ಮಲಗಿದ್ದನ್ನೂ ಹೇಳಬೇಕು.

ತಂಗುದಾಣದವರನ್ನು ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ, ಅದನ್ನು ಕೇಳಲು ನಮಗೆ ಸಂಕೋಚ: ಇಲ್ಲಿ ಟೆಂಟ್ ಹಾಕಲು ಕಾನೂನಿನ ಅಡ್ಡಿ ಇಲ್ಲವೇ? ಕಾಂಡ್ಲಾ ಕಾಡು ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ ಅತಿ ಕಟ್ಟುನಿಟ್ಟಿನ ವರ್ಗಕ್ಕೆ ಸೇರಿದೆ. 2019ರ ಅಧಿಸೂಚನೆಯ ಪ್ರಕಾರ ಕಾಂಡ್ಲಾ 1,000 ಚದರ ಮೀಟರಿಗಿಂತ ಹೆಚ್ಚಿದ್ದರೆ ಸುತ್ತ 50 ಮೀಟರ್ ಜಾಗವೂ ಅದೇ ವರ್ಗಕ್ಕೆ ಸೇರುತ್ತದೆ. "ಕಾಂಡ್ಲಾ ಒಳಗೇ ಟೆಂಟ್" ಎಂದು ಯಾರಾದರೂ ಜಾಹೀರಾತು ಕೊಟ್ಟರೆ ಅವರು ಗಿಡ ಕಡಿದೇ ಜಾಗ ಮಾಡಿರಬೇಕು, ಅಂಥಲ್ಲಿಗೆ ಹೋಗದಿರುವುದೇ ಲೇಸು. ಕಡಲ ಬದಿಯಲ್ಲಾದರೆ ಚಳಿಗಾಲ ಕಡಲಾಮೆಗಳು ಮೊಟ್ಟೆಯಿಡಲು ಬರುವ ಕಾಲ, ದೊಡ್ಡ ಬೆಂಕಿ ಮತ್ತು ಪ್ರಖರ ದೀಪ ಅವುಗಳಿಗೆ ದಾರಿ ತಪ್ಪಿಸುತ್ತವೆ. ಶಿಬಿರಾಗ್ನಿ ದರದಲ್ಲಿ ಸೇರಿದೆ ಎಂಬ ಮಾತ್ರಕ್ಕೆ ಹಚ್ಚಲೇಬೇಕೆಂದಿಲ್ಲ. ಹಾಗೆಯೇ "ನೀಲಿ ಹೊಳಪಿನ ಕಡಲು ಖಾತ್ರಿ" ಎಂಬ ಜಾಹೀರಾತನ್ನೂ ನೋಡಿದೆ. 2020ರ ಕೊನೆಯಲ್ಲಿ ನಮ್ಮ ತೀರದ ಅಲೆಗಳು ರಾತ್ರಿ ಹೊಳೆದದ್ದು ನಿಜ, ಅದು ಸೂಕ್ಷ್ಮಜೀವಿಗಳ ಕೆಲಸ. ಅವು ಯಾರ ಬುಕಿಂಗ್ ನೋಡಿಯೂ ಬರುವುದಿಲ್ಲ.

ದಾರಿ ಹೇಳುವಾಗ ಪೂರ್ತಿ ಹೆಸರು ಹೇಳಿ. ಕುಂದಾಪುರಕ್ಕೊಂದು ಕೋಡಿ ಇದೆ, ಸಾಸ್ತಾನದ ಕಡೆ ಕೋಡಿ ಕನ್ಯಾಣ ಇದೆ, ನಮ್ಮದು ಕೋಡಿಬೆಂಗ್ರೆ. ಮಂಗಳೂರಿನಲ್ಲಿ ಬೇರೆಯೇ ಬೆಂಗ್ರೆ ಇದೆ. ಮೊದಲ ಸಲ ಭಾವ ನಕ್ಷೆ ನಂಬಿ ಕೋಡಿ ಕನ್ಯಾಣದ ದಡದಲ್ಲಿ ನಿಂತು, ಅಳಿವೆಯ ಆಚೆ ನಮ್ಮ ಟೆಂಟ್‌ಗಳು ಕಾಣುತ್ತಿವೆ ಎಂದು ಫೋನ್ ಮಾಡಿದ್ದರು. ಕಣ್ಣಳತೆಯಲ್ಲೇ ಇದ್ದ ನಮ್ಮಲ್ಲಿಗೆ ಹೆದ್ದಾರಿ ಸುತ್ತಿ ಬರುವ ಹೊತ್ತಿಗೆ ಊಟ ಮುಗಿದಿತ್ತು.

ಪಾರಂಪಳ್ಳಿಯ ಅಮ್ಮನವರಿಗೆ ಮೊನ್ನೆ ಫೋನ್ ಮಾಡಿದೆ. ಬರುವ ಡಿಸೆಂಬರಿಗೆ ಅಷ್ಟಮಿಯ ಹತ್ತಿರದ ಒಂದು ಶನಿವಾರವನ್ನು ಅವರೇ ಹುಡುಕಿ ಹೇಳಿದರು. ಮುಂಗಡ ಕಳಿಸಲೇ ಎಂದರೆ, "ಈಗ ಬೇಡ, ಮಳೆ ಮುಗೀಲಿ, ದಂಡೆ ಎಷ್ಟು ಉಳೀತದೆ ನೋಡಿ ನಾನೇ ಹೇಳ್ತೇನೆ. ನಿಮ್ಮ ಅತ್ತೆಗೆ ಒಂದು ಮಂಚ ಹಾಕಿಸ್ತೇನೆ" ಎಂದರು.